ಜನರೇಟರಿಗೆ ಊದಿನಕಡ್ಡಿ

ಮನುಷ್ಯನಿಗೆ ತನ್ನ ಮಾತು ನಡೆಯುವ ಜಾಗ ಒಂದಾದರೂ ಬೇಕು. ಮನೆಯಲ್ಲಿ ನನಗೆ ಆ ಭಾಗ್ಯವಿರಲಿಲ್ಲ, ಅದು ನನ್ನ ಹೆಂಡತಿ ಶಾರದೆಯ ರಾಜ್ಯ. ತಿರುವನಂತಪುರದ ಕೇಂದ್ರ ಸಂಸ್ಥೆಯೊಂದರಲ್ಲಿ ನಾನು ಸುರಕ್ಷತಾ ವಿಭಾಗದವನು. ಅಲ್ಲಿನ ವಿಜ್ಞಾನಿಗಳು ನನ್ನನ್ನು ಕಂಡರೆ ಸಿಗರೇಟನ್ನು ಬೆನ್ನ ಹಿಂದೆ ಹಿಡಿಯುತ್ತಿದ್ದರೇ ಹೊರತು ಆರಿಸುತ್ತಿರಲಿಲ್ಲ. ನಾನು ಹೇಳಿದಂತೆ ಕೇಳುತ್ತಿದ್ದುದು ನಮ್ಮ ಜನರೇಟರ್ ಒಂದೇ.

ಎಪ್ಪತ್ತರ ದಶಕದ ಮೊದಲಲ್ಲಿ ನನಗೆ ಊರು ಸುತ್ತುವ ಹುಚ್ಚು ಹಿಡಿದಿತ್ತು. ಹರಾಜಿನಲ್ಲಿ ಹಳೆಯ ವ್ಯಾನು ಕೊಂಡು, ಒಳಗೆ ಮಲಗುವ ಹಲಗೆ, ಸ್ಟೌ, ಟೇಬಲ್ ಫ್ಯಾನು ಎಲ್ಲ ಕೂಡಿಸಿದೆ. ಫ್ಯಾನು ತಿರುಗಲೆಂದು, ಹಗ್ಗ ಎಳೆದು ಚಾಲೂ ಮಾಡುವ ಪೆಟ್ರೋಲ್ ಜನರೇಟರ್ ಒಂದನ್ನು ಕೊಚ್ಚಿಯ ಮಟ್ಟಾಂಚೇರಿಯ ಹಡಗಿನ ಗುಜರಿಯಿಂದ ತಂದೆ. ಅದನ್ನು ವ್ಯಾನಿನೊಳಗೆ ನಡೆಸಕೂಡದು, ಕಿಟಕಿಯ ಹತ್ತಿರ ಇಡಕೂಡದು, ಬಿಸಿಯಿರುವಾಗ ಪೆಟ್ರೋಲ್ ಹಾಕಕೂಡದು, ಬಿಟ್ಟು ಕದಲಕೂಡದು ಎಂದು ನನ್ನ ಕಟ್ಟಪ್ಪಣೆ. ದೂರ ಇಡಬೇಕೆಂದರೆ ಕೇಬಲ್ ಬೇಕಲ್ಲ? ಆ ಕೇಬಲ್ ಸುರುಳಿ ಎಷ್ಟು ದೊಡ್ಡದೆಂದರೆ, "ಸಂಸಾರಕ್ಕೆ ಜಾಗ ಇಲ್ಲ, ಈ ಹೆಬ್ಬಾವಿಗೆ ಮಾತ್ರ ಇದೆ" ಎಂದು ಶಾರದೆ ಪ್ರತಿ ಪ್ರಯಾಣದಲ್ಲೂ ಗೊಣಗುತ್ತಿದ್ದಳು. ಇನ್ನು ಗಾಳಿ ಯಾವ ಕಡೆ ಬೀಸುತ್ತದೆಂದು ತಿಳಿಯಲು, ಪೆಟ್ರೋಲ್ ಡಬ್ಬಿ ಕೆಳಗಿಳಿಸುವ ಮೊದಲೇ ನಾನೊಂದು ಮೈಸೂರು ಊದಿನಕಡ್ಡಿ ಹಚ್ಚಿ, ಹೊಗೆ ಹೋದ ದಿಕ್ಕನ್ನು ನೋಡಿ ಆರಿಸಿಬಿಡುತ್ತಿದ್ದೆ. ದಾರಿಹೋಕರು ನಿಂತು, "ಎಂದಾ ಸಾರೇ, ಪೂಜಯಾಣೋ?" ಎಂದು ಮಲಯಾಳದಲ್ಲಿ ಪೂಜೆಯೇ ಎಂದು ಕೇಳುತ್ತಿದ್ದರು. ನಾನು ಹೌದೆನ್ನುತ್ತಿದ್ದೆ. ವಿವರಿಸುವುದಕ್ಕಿಂತ ಅದೇ ಸುಲಭ.

ಒಂದು ವರ್ಷ ಕನ್ನಡ ರಾಜ್ಯೋತ್ಸವಕ್ಕೆ ಆ ವ್ಯಾನಿನಲ್ಲೇ ಕೊಚ್ಚಿಗೆ ಹೋದೆವು. ವೈಟ್ಟಿಲ ಬಡಾವಣೆಯ ಒಂದೇ ಕೋಣೆಯಲ್ಲಿದ್ದ ನನ್ನ ಭಾವಮೈದ ರಘು ಬ್ಯಾಂಕಿನವನು, ಅಲ್ಲಿನ ಕನ್ನಡ ಸಂಘಕ್ಕೆ ಕಾರ್ಯದರ್ಶಿ. ಸಂಘದ ನಾಟಕದಲ್ಲಿ ನಮ್ಮ ಮಗಳು ವೀಣಾಳದು ರಾಣಿಯ ಪಾತ್ರ. ಕೇರಳದಲ್ಲೇ ಬೆಳೆದ ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುವವಳು. ಅವಳ ಬಾಯಿಂದ ಒಂದು ಉದ್ದ ಕನ್ನಡ ಮಾತು ಕೇಳಬೇಕೆಂದು ನನ್ನ ಜೀವ ಹಾತೊರೆಯುತ್ತಿತ್ತು. ಅವಳೋ, ಅಪ್ಪನೆದುರು ಅಭ್ಯಾಸ ಮಾಡಲು ನಾಚಿ, ಅಮ್ಮನೊಡನೆ ಅಡಿಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ನಾಟಕಕ್ಕೆ ಪರದೆ ಏಳಬೇಕು, ಕರೆಂಟು ಹೋಯಿತು. ಹೊರಗೆ ಜಿನುಗು ಮಳೆ. ರಘು ಓಡಿ ಬಂದ.

"ಭಾವ, ನಿಮ್ಮ ಜನರೇಟರ್ ತನ್ನಿ! ಸ್ಟೇಜ್ ಪಕ್ಕದ ಕೋಣೇಲಿ ಇಟ್ಟುಬಿಡೋಣ, ಮಳೇಲಿ ನೆನೆಯಲ್ಲ."

"ಒಳಗೆ ಆಗಲ್ಲ. ಅದರ ವಿಷದ ಗಾಳಿ ಕಣ್ಣಿಗೆ ಕಾಣಲ್ಲ, ಮೂಗಿಗೆ ತಿಳಿಯಲ್ಲ."

"ಒಂದು ಗಂಟೆ ನಾಟಕ ಭಾವ, ಏನಾಗುತ್ತೆ?"

"ನಾಟಕದಲ್ಲಿ ಎಷ್ಟು ಮಕ್ಕಳು ಸಾಯ್ತಾರೋ ಅಷ್ಟೂ ಜನ ಆಮೇಲೆ ಎದ್ದು ಬರಬೇಕಲ್ಲಪ್ಪ!"

ಆವರಣದ ಕೊನೆಯಲ್ಲಿ ನಾಲ್ಕೂ ಕಡೆ ತೆರೆದ ಸೈಕಲ್ ಶೆಡ್ಡು ಕಂಡಿತು. ಊದಿನಕಡ್ಡಿ ಹಚ್ಚಿದೆ, ಹೊಗೆ ಸಭಾಂಗಣಕ್ಕೆ ಬೆನ್ನು ಹಾಕಿ ರಸ್ತೆಯ ಕಡೆ ನಡೆಯಿತು. ಅಷ್ಟು ದೂರಕ್ಕೆ ಕೇಬಲ್ ಎಲ್ಲಿದೆ ಎಂದು ಯಾರೋ ಕೇಳಿದರು. ಹೆಬ್ಬಾವನ್ನು ಹೊತ್ತು ತಂದವಳು ಸ್ವತಃ ಶಾರದೆ! ಸುರುಳಿ ಬಿಚ್ಚುತ್ತಾ ಹೋದೆ, ಅದು ವೇದಿಕೆಯನ್ನು ಮುಟ್ಟಿ ಇನ್ನೂ ಮಿಕ್ಕಿತು. ಹಗ್ಗ ಎಳೆದೆ. ಎರಡು ದೀಪ, ಒಂದು ಮೈಕು ಜೀವ ಪಡೆದವು. ಒಳಗಿನಿಂದ ಕೇಳಿಬಂದ ಚಪ್ಪಾಳೆಯನ್ನು ನಾನು ಪೂರ್ತಿಯಾಗಿ ನನ್ನ ಲೆಕ್ಕಕ್ಕೇ ಹಾಕಿಕೊಂಡೆ.

ಆಮೇಲೆ ಹೊಳೆಯಿತು ನನಗೆ ಬಂದ ಗ್ರಹಚಾರ. ಜನರೇಟರನ್ನು ಬಿಟ್ಟು ಕದಲಕೂಡದೆಂಬುದು ನನ್ನದೇ ಅಪ್ಪಣೆ. ಅದರ ಗುಡುಗಿನಲ್ಲಿ ನಾಟಕದ ಒಂದಕ್ಷರವೂ ಕೇಳಿಸದು. ಮಗಳು ಕನ್ನಡದಲ್ಲಿ ಗರ್ಜಿಸುತ್ತಿದ್ದಾಳೆ, ಅಪ್ಪ ಸೈಕಲ್‌ಗಳ ನಡುವೆ ಕೂತಿದ್ದಾನೆ.

ನಾಟಕ ಮುಗಿದು ಅಧ್ಯಕ್ಷರ ಭಾಷಣ ಶುರುವಾದಾಗ ಶಾರದೆ ಕಣ್ಣೊರೆಸಿಕೊಳ್ಳುತ್ತಾ ಬಂದಳು, ಹಿಂದೆಯೇ ರಟ್ಟಿನ ಕಿರೀಟದ ವೀಣಾ. ಶಾರದೆ ನನ್ನ ಕಿವಿಯಲ್ಲಿ ಕೂಗಿದಳು: "ಒಂದು ತಪ್ಪಿಲ್ಲದೆ ಹೇಳಿದಳು ರೀ!" ವೀಣಾ ಕೈಯೆತ್ತಿ ಏನೋ ಅಂದಳು. ತುಟಿ ಮಾತ್ರ ಆಡಿತು.

"ಕೇಳಿಸ್ತಿಲ್ಲ ಕಣಮ್ಮ!"

ಅವಳು ಜನರೇಟರ್ ಕಡೆ ಬೆರಳು ತೋರಿಸಿ ಕಿರುಚಿದಳು: "ಓಫ್ ಆಕ್ಕಿಕ್ಕೂಡೇ?"

ಆರಿಸಬಾರದೇ ಎಂದು ಕೇಳಿದಳು, ಆರಿಸಿಬಿಟ್ಟೆ. ಕತ್ತಲಲ್ಲಿ, ನನ್ನೊಬ್ಬನಿಗಾಗಿ, ನನ್ನ ಮಗಳು ಗರ್ಜಿಸಿದಳು: "ಈ ಬಾಗಿಲನ್ನು ನಾನು ತೆರೆಯುವುದಿಲ್ಲ. ನಿನ್ನ ಸೈನ್ಯ ದೊಡ್ಡದಿರಬಹುದು, ನನ್ನ ಊರು ಅದಕ್ಕಿಂತ ದೊಡ್ಡದು!" ಅದೇ ಹೊತ್ತಿಗೆ ಒಳಗೆ ಅಧ್ಯಕ್ಷರ ಭಾಷಣ ನಿಂತದ್ದಕ್ಕೆ ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಬಿತ್ತು.

ರಘು ಎಡವುತ್ತಾ ಓಡಿ ಬಂದ. "ಭಾವ, ಏನಾಯ್ತು? ಅಧ್ಯಕ್ಷರದ್ದು ಇನ್ನೂ ಅರ್ಧ ಇದೆ!"

"ಪೆಟ್ರೋಲ್ ಹಾಕಬೇಕು," ಎಂದೆ ಗಂಭೀರವಾಗಿ. "ಬಿಸಿಯಿರುವಾಗ ಹಾಕಕೂಡದು. ತಣ್ಣಗಾಗಲಿ."

ಅರ್ಧಕ್ಕಿಂತ ಹೆಚ್ಚು ತುಂಬಿದ್ದ ಟ್ಯಾಂಕಿನ ಅಳತೆಗಾಜಿನ ಮೇಲೆ, ರಘುವಿಗೆ ಕಾಣದಿರಲೆಂದು, ಶಾರದೆ ಮೆಲ್ಲಗೆ ಸೆರಗು ಮುಚ್ಚಲು ಹೋದಳು. ಬಿಸಿ ಯಂತ್ರದ ಮೇಲೆ ಬಟ್ಟೆ ಕೂಡದೆಂದು ತಡೆದೆ. ರಘು ಒಳಗೆ ಹೋದ. ಯಂತ್ರ ಆರಲೆಂದು ಅರ್ಧ ಗಂಟೆ ಅಲ್ಲೇ ಕೂತಿದ್ದಮೇಲೆ ವೀಣಾ ನನ್ನ ತೋಳು ಜಗ್ಗಿದಳು.

"ಅಪ್ಪಾ, ಇನ್ನೊಂದ್ಸಲ ಹೇಳ್ಲಾ?"

ಜನರೇಟರನ್ನು ಮುಟ್ಟಿ ನೋಡಿದೆ. ಆಗಲೇ ತಣ್ಣಗಾಗಿತ್ತು.

"ಹೇಳು ಪುಟ್ಟಿ," ಎಂದೆ, "ಇನ್ನೂ ಸುಡ್ತಾ ಇದೆ."