ಬಿಲ್ಡರನ ಲೆಕ್ಕ, ನಮ್ಮ ಮನಿ ಹೀಟಿಂಗು

ಜರ್ಮನಿಯ ಎರ್ಲಾಂಗೆನ್ನಿಗೆ ಬಂದ ಮ್ಯಾಲೆ, ಚಳಿಗಾಲ ಶುರುವಾತು ಅಂದ್ರ ನಮ್ಮ ಮನಿಯಾಗ ಒಂದಿಲ್ಲೊಂದು ಫಜೀತಿ ಆಗೇ ಆಗ್ತದ. ಹೀಟಿಂಗಿನ ಫಜೀತಿ ಮಾತ್ರ ನನ್ನ ನಿದ್ದಿನೇ ಕೆಡಿಸಿತ್ತು.

೧

ಹೊಸಾ ಮನಿ ಕೊಂಡಾಗ ಬಿಲ್ಡರ್, ಮೂರು ಮಂದಿ ಇದ್ರ ಹೀಟಿಂಗಿಗೆ ಇಷ್ಟ ಕರೆಂಟ್ ಸಾಕು ಅಂತ ಲೆಕ್ಕ ಕೊಟ್ಟಿದ್ದ. ಮೊದಲನೇ ಚಳಿಗಾಲಕ್ಕೇ ಅದರ ಎರಡರಷ್ಟು ಉರದಿತ್ತು. ನಾ ಎಂಜಿನಿಯರ್. ಲೆಕ್ಕ ತಪ್ಪೂದಿಲ್ಲ, ಅಂದಮ್ಯಾಲೆ ಗೋಡಿನೇ ತಪ್ಪದ, ಶಾಖ ಅಲ್ಲಿಂದನೇ ಸೋರ್ತದ ಅಂತ ಖಾತ್ರಿ ಮಾಡ್ಕೊಂಡೆ. ಗೋಡಿ ಒಡಸೂದಾದ್ರ ಹೆಂಡ್ತಿ, ಮಗಳನ್ನ ಕರಕೊಂಡು ಎಲ್ಲಿಗೆ ಹೋಗ್ಲಿ? ಕಂಡ ಕಂಡ ಗೋಡಿಗೆ ಅಂಗೈ ಹಚ್ಚಿ ನೋಡ್ಲಿಕ್ಕೆ ಶುರು ಮಾಡಿದೆ.

"ಅಮ್ಮಾ, ಪಪ್ಪಾ ಗೋಡಿಗೆ ಜ್ವರ ನೋಡ್ಲಿಕತ್ತಾರ" ಅಂದ್ಲು ಮಗಳು.

೨

ಎಲ್ಲಾ ರೂಮಿನ ಹೀಟಿಂಗ್ ಇಳಿಸಿಬಿಟ್ಟೆ. ಟೊಪ್ಪಿಗಿ, ಮಫ್ಲರ್ ಹಾಕ್ಕೊಂಡೇ ಊಟಕ್ಕ ಕೂಡತಿದ್ವಿ. ಧಾರವಾಡದಿಂದ ವಿಡಿಯೋ ಕಾಲ್ ಮಾಡಿದ ಅತ್ತಿಯವರು ಗಾಬರಿಯಾಗಿ, "ಯಾಕ್ರಿ, ಬಸ್ ಸ್ಟ್ಯಾಂಡಿನಾಗ ಕುಂತೀರೇನು?" ಅಂದ್ರು.

ಹೆಂಡ್ತಿ ಒಬ್ಬಾಕಿನೇ ನನಗ ಧೈರ್ಯ. ಗೆಸ್ಟ್ ರೂಮಿನ ಬಾಗಿಲ ಯಾವಾಗ್ಲೂ ಮುಚ್ಚಿರ್ತಿದ್ಲು. "ತೆಗೀಬ್ಯಾಡ್ರಿ, ಶಾಖ ಹೋಗ್ತದ" ಅಂತಿದ್ಲು. ಎಂಥಾ ಉಳಿತಾಯದ ಹೆಣ್ಣಮಗಳು ಅಂತ ಹೆಮ್ಮಿ ಪಟ್ಟೆ. ಅಂಥಾ ಥಂಡ್ಯಾಗೂ ರವಿವಾರ ಬಂತಂದ್ರ ದೋಸಿ ಹಿಟ್ಟು ಪಾತೇಲಿ ತುಂಬ ಉಬ್ಬಿ ಬರ್ತಿತ್ತು. ಆಕಿ ಕೈಗುಣ ಅಂದ್ಕೊಂಡು ಇನ್ನೆರಡು ದೋಸಿ ಹಾಕಿಸ್ಕೊಂಡು ತಿಂತಿದ್ದೆ.

೩

ಕಡೀಕ ಮನಿ ತಪಾಸ ಮಾಡೋ ಜರ್ಮನ್ ಸಾಹೇಬ ಶಾಖ ತೋರಿಸೋ ಕ್ಯಾಮೆರಾ ತಗೊಂಡು ಬಂದ. ಹೊರಗಿಂದ ಹಿಡಿದು ನೋಡಿದ್ರ ಮನಿಯೆಲ್ಲಾ ನೀಲಿ, ಒಂದ ಕಡೆ ಮಾತ್ರ ಕೆಂಡದಂಥಾ ಕೆಂಪು. ಮುಗೀತು, ಗೋಡಿ ಹೋತು ಅಂದ್ಕೊಂಡೆ.

ಒಳಗ ಓಡಿ ಹೋಗಿ ಆ ಕಡೆ ಇದ್ದ ಗೆಸ್ಟ್ ರೂಮಿನ ಬಾಗಿಲ ತೆಗೆದ್ರ, ಗಪ್ಪಂತ ಹುಳಿ ವಾಸನಿ! ನಾ ಇಳಿಸಿದ್ದ ಹೀಟಿಂಗ್ ಪೂರ್ತಿ ಏರಿತ್ತು. ಬೆಚ್ಚಗಿನ ನೆಲದ ಮ್ಯಾಲೆ ನನ್ನ ಶಾಲು ಹೊದ್ದು ಕುಂತಿತ್ತು ಹಿಟ್ಟಿನ ಪಾತೇಲಿ. ಕಿಡಕಿ ಅರ್ಧ ತೆರೆದಿತ್ತು.

"ಕಿಡಕಿ ಯಾಕ ತೆಗದಿ?" ಅಂದೆ.

"ವಾಸನಿ ಮನಿತುಂಬ ಬರ್ತದಲ್ರೀ" ಅಂದ್ಲು ಹೆಂಡ್ತಿ.

ಹಿಂದನ ಒಳಗ ಬಂದ ಸಾಹೇಬ ಕೇಳಿದ: "ಲೆಕ್ಕದಾಗ ಮೂರೇ ಮಂದಿ ಅದೀರಿ. ಈ ರೂಮಿನಾಗ ಯಾರಿರ್ತಾರ?"

ಮಗಳು ಶುದ್ಧ ಜರ್ಮನ್‌ದಾಗ ಪಟ್ಟನೆ ಹೇಳಿದ್ಲು: "ದೋಸಿ ಹಿಟ್ಟು. ಅದಕ್ಕ ಥಂಡಿ ಆಗಿಬರೂದಿಲ್ಲ."

ಗೋಡಿ ಉಳೀತಲ್ಲಾ ಅಂತ ಜೀವಕ್ಕ ಹಾಯ್ ಅನಿಸ್ತು. ಅವತ್ತ ಸಂಜಿಗೆ ಟೊಪ್ಪಿಗಿ ಬಿಚ್ಚಿಟ್ಟು ಆ ರೂಮಿನಾಗ ಒಂದೀಟು ಬೆಚ್ಚಗ ಮಲಗೂಣು ಅಂತ ದಿಂಬು ತಗೊಂಡು ಹೋದೆ. ಹೆಂಡ್ತಿ ಬಾಗಿಲಿಗೆ ಅಡ್ಡ ನಿಂತ್ಲು.

"ಇವತ್ತ ಬ್ಯಾಡ್ರಿ, ಹಿಟ್ಟು ಈಗರೆ ಉಬ್ಬಲಿಕತ್ತದ. ನಾಳೆ ಬರ್ರಿ."