ಉಕಾರ ನುಂಗಿದ ಫೋನು

ಫೋನ್ ಬಿಲ್ಲನ್ನು ಹದ್ದುಬಸ್ತಿನಲ್ಲಿ ಇಡುವುದು ಗೃಹಸ್ಥನ ಪರಮ ಕರ್ತವ್ಯವೆಂದು ನಾನು ನಂಬಿದ್ದ ಕಾಲವದು. ನನ್ನ ಹೆಂಡತಿ ಶಾಂತಾ ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯಿಂದ ಖಾನಾಪುರದ ತವರಿಗೆ ದಿನಾಲೂ ಎಸ್‌ಟಿಡಿ ಹಚ್ಚುತ್ತಿದ್ದಳು. ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಬಿಲ್ ನೋಡಿದರೆ ತವರು ದಿಲ್ಲಿಯ ಆಚೆಗಿದ್ದಂತಿತ್ತು! ಅಷ್ಟರಲ್ಲಿ ಇಂಟರ್ನೆಟ್ಟಿನಲ್ಲೇ ಮಾತನಾಡಬಹುದೆಂಬ ಶುಭವಾರ್ತೆ ನನ್ನ ಕಿವಿಗೆ ಬಿತ್ತು. ಮನೆಯಲ್ಲಿದ್ದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಮೈಕು, ಸ್ಪೀಕರು ಜೋಡಿಸಿದೆ. ಖಾನಾಪುರದಲ್ಲಿ ಮಾವನವರ ಮನೆಯ ಹತ್ತಿರವೇ ಒಂದು ಕಂಪ್ಯೂಟರ್ ಕ್ಲಾಸಿತ್ತು. ಅಲ್ಲಿ ಕುಳಿತು ಮಾತನಾಡಲು ಅವರಿಗೆ ಅನುಮತಿಯನ್ನೂ ದೊರಕಿಸಿದೆ.

ಮಾವನವರನ್ನು ಕಂಪ್ಯೂಟರಿನ ಮುಂದೆ ಕೂರಿಸಲು ಮಾತ್ರ ಮೊದಲು ಎಸ್‌ಟಿಡಿಯನ್ನೇ ಹಚ್ಚಬೇಕಾಯಿತು.

"ಮಾವಾರ, ಕಂಪ್ಯೂಟರ್ ಕ್ಲಾಸಿಗೆ ಹೋಗ್ರಿ. ಮಾತಾಡೂಣು."

"ಈಗ ಮಾತಾಡಾಕತ್ತೀವಲ್ರಿ ಅಳಿಯಂದ್ರ?"

"ಇದಕ್ಕ ರೊಕ್ಕ ಬೀಳ್ತೈತ್ರಿ!"

"ಹಂಗಾರ ಲಗೂ ಇಡ್ರಿ!" ಎಂದು ಅವರೇ ಫೋನಿಟ್ಟರು.

ಅಂದು ಮಾತನಾಡಬೇಕಿದ್ದ ವಿಷಯ ಸಣ್ಣದಲ್ಲ. ಅತ್ತೆಯವರ ಕಣ್ಣಿನ ಪೊರೆ ತೆಗೆಸಬೇಕಿತ್ತು. ಆಪರೇಷನ್ ಬೆಳಗಾವಿಯಲ್ಲಿ; ಆಮೇಲೆ ಹದಿನೈದು ದಿನ ನಮ್ಮಲ್ಲೇ ಇರಲಿ ಎಂಬುದು ಶಾಂತಾಳ ಆಸೆ. ಆದರೆ ಮಗಳ ಮನೆಯಲ್ಲಿ ರಾತ್ರಿ ವಸ್ತಿ ಇರಬಾರದೆಂಬುದು ಮಾವನವರ ಹಟ. ನಮ್ಮ ಮದುವೆಯಾಗಿ ಹನ್ನೊಂದು ವರ್ಷ, ಬಂದಾಗಲೆಲ್ಲ ಚಹಾ ಕುಡಿದು ಸಂಜೆ ಬಸ್ಸಿಗೆ ವಾಪಸು! ಶಾಂತಾ ವಾರಗಟ್ಟಲೆ ಅತ್ತೂ ಕರೆದೂ ಅವರನ್ನು ಅರ್ಧ ಒಪ್ಪಿಸಿದ್ದಳು. ಉಳಿದರ್ಧ ನನ್ನ ಪಾಲಿಗೆ ಬಂದಿತ್ತು.

ಕಿರ್‍ರೆಂದು ಕಿರುಚಿ ಇಂಟರ್ನೆಟ್ ಹತ್ತಿತು. "ಮಸ್ಕಾರ... ಳಿಯಂದ್ರ" ಎಂಬ ಧ್ವನಿ ಬಂತು. ಆ ಯಂತ್ರಕ್ಕೊಂದು ಚಾಳಿಯಿತ್ತು. ಯಾರಾದರೂ ಬಾಯಿ ತೆರೆದ ಮೇಲೆಯೇ ಎಚ್ಚರಾಗುತ್ತಿತ್ತು. ಅಷ್ಟರಲ್ಲಿ ಮೊದಲ ಅಕ್ಷರ ಹೋಗಿಬಿಡುತ್ತಿತ್ತು. ಪುಕ್ಕಟೆ ಸೇವೆಯಲ್ಲಿ ಒಂದಕ್ಷರ ಹೋದರೆ ಹೋಗಲಿ, ನಾನು ಉದಾರಿಯಾದೆ!

ಮಾವನವರು ಕೇಳಿದರು: "ಳಿಯಂದ್ರ, ಖರೇ ಹೇಳ್ರಿ. ನಾವು ಬಂದಿದ್ರ ನಿಮಗ ತ್ರಾಸ ಆಗ್ತೈತೇನ್ರಿ?"

ನಾನು ಪರದೆಗೆ ಕೈಮುಗಿದು, ತಲೆಯಲ್ಲಾಡಿಸಿ, ಅತ್ಯಂತ ವಿನಯದಿಂದ "ಉಹೂಂ" ಎಂದೆ.

ಆಚೆ ಕಡೆ ಸದ್ದಿಲ್ಲ. ಸಂಪರ್ಕವೂ ಕಡಿಯಿತು. ಸಂತೋಷಕ್ಕೆ ಮಾತೇ ಹೊರಡಲಿಲ್ಲವೆಂದು ತಿಳಿದು, "ಬರ್ತಾರ!" ಎಂದು ಘೋಷಿಸಿದೆ. ಶಾಂತಾ ಗಾದಿ ಬಿಸಿಲಿಗೆ ಹಾಕಲು ಓಡಿದಳು.

ಯಾವ ಬಸ್ಸಿಗೆ ಬರುತ್ತಾರೆಂದು ಕೇಳಲು ಅವಳು ಫೋನ್ ಹಚ್ಚಿದಾಗ ಅತ್ತೆಯವರು ಬಿಕ್ಕುತ್ತಿದ್ದರು. "ಇವರು ಸಿಟ್ಟಾಗಿ ಕುಂತಾರವ್ವಾ. ತ್ರಾಸ ಆಗ್ತೈತೇನ್ರಿ ಅಂದ್ರ ಅಳಿಯಂದ್ರು ಹೂಂ ಅಂದ್ರಂತ!"

ಅಯ್ಯಯ್ಯೋ! ಹಾಳು ಯಂತ್ರ ನನ್ನ ಉಕಾರವನ್ನೇ ನುಂಗಿ ಕುಳಿತಿತ್ತು!

ಶಾಂತಾ ನನ್ನತ್ತ ತಿರುಗಿದಳು. "ನಿಮ್ಮ ಉಳಿತಾಯಕ್ಕ ಬೆಂಕಿ ಹಚ್ಚಲಿ! ಹನ್ನೊಂದು ವರ್ಷಕ್ಕ ಒಮ್ಮೆ ಅವ್ವ ವಸ್ತಿಗೆ ಬರಾಕ ನಿಂತಿದ್ಲು. ಈಗಿಂದೀಗ ಹೋಗಿ ಕರಕೊಂಡು ಬರ್ರಿ. ಇಲ್ಲಾಂದ್ರ ಅಲ್ಲೇ ಇರ್ರಿ!" ಅವಳ ಕಣ್ಣಲ್ಲಿ ನೀರು ನೋಡಿ ನನಗೆ ಖರೇನೇ ಸಂಕಟವಾಯಿತು. ಸಿಕ್ಕ ಬಸ್ಸು ಹತ್ತಿದೆ.

ಮಾವನವರು ಕಟ್ಟೆಯ ಮೇಲೆ ಕುಳಿತಿದ್ದರು. ಉಕಾರದ ಇಡೀ ಪ್ರಕರಣವನ್ನು ನಿವೇದಿಸಿದೆ. ಅವರು ಕರಗಲಿಲ್ಲ. "ನನಗ ಕೇಳಿಸಿದ್ದು ಹೂಂ. ನಾ ಏನ್ ಕಿವುಡ ಅಲ್ಲ."

ಸಾಕ್ಷಿ ಬೇಕಾಯಿತು. ಅವರ ಮನೆಯಿಂದಲೇ ಶಾಂತಾಳಿಗೆ ಫೋನ್ ಮಾಡಿ ಕಂಪ್ಯೂಟರಿನ ಮುಂದೆ ಕೂರಲು ಹೇಳಿ, ಮಾವನವರನ್ನು ಕೈಹಿಡಿದು ಕ್ಲಾಸಿಗೆ ಎಳೆದೊಯ್ದೆ. ಅಕ್ಷರ ನುಂಗುವುದನ್ನು ಅವರ ಕಿವಿಗೇ ಕೇಳಿಸುವುದು ನನ್ನ ಯೋಜನೆ. ಸ್ಪೀಕರಿನಲ್ಲಿ ಮಗಳ ಧ್ವನಿ ಬಂತು: "ಪ್ಪಾ, ಅವ್ವನ್ನ ಕರಕೊಂಡು ಬರ್ತಿಯೇನು?"

"ನೋಡ್ರಿ ಮಾವಾರ, 'ಅ' ಹೋತು!" ಎಂದು ನಾನು ಕುಣಿದೆ.

ಮಾವನವರಿಗೆ ಅದೆಲ್ಲ ಬೇಕಿರಲಿಲ್ಲ. ಮೈಕಿಗೆ ಬಾಯಿ ಹಚ್ಚಿ, ಬಿಗಿದ ಮುಖದಲ್ಲಿ, ಖಡಾಖಂಡಿತವಾಗಿ ಹೇಳಿದರು: "ಉಹೂಂ."

ಸ್ಪೀಕರು ಒಡೆದುಹೋಗುವಂತೆ ಶಾಂತಾ ಚೀರಿದಳು. "ಪ್ಪಾ, ಹೂಂ ಅಂದ್ಯಾ? ನೀ ಬರ್ತಿ ಅಂತ ನನಗ ಗೊತ್ತಿತ್ತಪ್ಪಾ! ಗಾದಿ ಬಿಸಲಿಗೆ ಹಾಕೀನಿ. ಅವ್ವ ಮಲಗೂ ಖೋಲಿ ಸಾರಿಸಿಟ್ಟೀನಿ." ಮುಂದೆ ಬರೀ ಅಳು ಕೇಳಿಸಿತು. ಎಂಥ ಅಳು! ಕ್ಲಾಸಿನಲ್ಲಿ ಟೈಪು ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು.

ಮಾವನವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಕೊನೆಗೆ, "ಮೆತ್ತನ ಗಾದಿ ನನಗ ಆಗಂಗಿಲ್ಲವ್ವಾ. ಬರೇ ಚಾಪಿ ಹಾಸು" ಎಂದರು.

ಗೆದ್ದೆ! ಸಂಜೆಯ ಬಸ್ಸಿನಲ್ಲಿ ಅತ್ತೆ ಮಾವ ಇಬ್ಬರನ್ನೂ ಕೂರಿಸಿಕೊಂಡು, ದಂಡಯಾತ್ರೆ ಮುಗಿಸಿದ ಅರಸನ ಠೀವಿಯಲ್ಲಿ ಬೆಳಗಾವಿಗೆ ಬಂದಿಳಿದೆ. "ನಿನಗ ಗೊತ್ತಿದ್ದೂ ಹಂಗ ಮಾಡಿದ್ಯಾ?" ಎಂದು ಶಾಂತಾಳನ್ನು ಮೆಲ್ಲಗೆ ಕೇಳಿದೆ. "ನನಗ ಕೇಳಿಸಿದ್ದು ಹೂಂ. ನಾನೂ ಕಿವುಡಿ ಅಲ್ಲ" ಎಂದಳು ಅಪ್ಪನ ಮಗಳು.

ಆಪರೇಷನ್ ಸುಸೂತ್ರವಾಯಿತು. ಅಡುಗೆಮನೆಯಲ್ಲಿ ದಿನಾ ತಾಯಿ ಮಗಳ ನಗೆ. ಖಾನಾಪುರದಲ್ಲಿ ಫೋನ್ ಮಾಡಲು ಯಾರೂ ಉಳಿದಿಲ್ಲವಾದ್ದರಿಂದ ನನ್ನ ಬಿಲ್ಲೂ ಇಳಿಯಲೇಬೇಕಲ್ಲ!

ಮೂರನೆಯ ದಿನ ಮುಂಜಾನೆ ನಾನು ಏಳುವಾಗ ಮಾವನವರು ನನ್ನ ಫೋನ್ ಹಿಡಿದು ಮುದ್ದಿನ ಮಾತಾಡುತ್ತಿದ್ದರು. ಎಸ್‌ಟಿಡಿ! ಯಾರೊಡನೆ ಎಂದು ಸನ್ನೆಯಲ್ಲಿ ಕೇಳಿದೆ. ಅವರು ಫೋನಿಗೆ ಅಂಗೈ ಮುಚ್ಚಿ ಪಿಸುಗುಟ್ಟಿದರು: "ಸುಮ್ಕಿರ್ರಿ ಅಳಿಯಂದ್ರ. ನನ್ನ ದನಿ ಕೇಳಲಿಲ್ಲಂದ್ರ ಎಮ್ಮಿ ಹಾಲ ಕೊಡಂಗಿಲ್ಲ. ಬಾಜು ಮನಿಯವರು ಅದನ್ನ ಕಿಡಕಿ ಹಂತ್ಯಾಕ ಕಟ್ಟಿ, ಕಿವಿಗೆ ಫೋನ್ ಹಿಡದಾರ."

ಎಮ್ಮೆಯ ಮಾತು ಮುಗಿಯುವತನಕ ನಾನು ತುದಿಗಾಲಲ್ಲಿ ಓಡಾಡಿದೆ.