ಎಲ್ಲದಕ್ಕೂ ‘ವಿಚಿತ್ರ ಮಾರಾಯ್ರೆ!’

ದೋಹಾದಲ್ಲಿ ದಿನಕ್ಕೊಂದು ವಿಚಿತ್ರ ನಡೆಯದಿದ್ದರೆ ಅವತ್ತು ಶುಕ್ರವಾರ, ನಾವು ಇಡೀ ದಿನ ಮಲಗಿದ್ದೇವೆ ಅಂತಲೇ ಅರ್ಥ. ಆದರೆ ನಡೆದದ್ದಕ್ಕೆಲ್ಲ ‘ವಿಚಿತ್ರ’ ಅಂತ ಹೆಸರಿಡುವವರು ನಿಮ್ಮ ರೂಮಿನಲ್ಲೇ ಇದ್ದರೆ ಶುಕ್ರವಾರವೂ ಬಿಡುವಿಲ್ಲ. ನಮ್ಮ ಕಂಪನಿಯ ಸ್ಟೋರ್‌ಕೀಪರ್ ಅಂಥವರು. ಉಡುಪಿ ಕಡೆಯವರು, ಹೆಂಡತಿ ಬಸುರಿಯಿದ್ದಾಗ ವಿಮಾನ ಹತ್ತಿದವರು. ಫೋನಿನಲ್ಲಿ ಮುಖ ಕಾಣುವ ಕಾಲ ಅಲ್ಲ ಅದು. ಮಗಳಿಗೆ ಎರಡು ವರ್ಷ ದಾಟಿದರೂ ಇವರು ನೋಡಿದ್ದು ಅವಳ ಫೋಟೊ ಮಾತ್ರ.

ಅರ್ಥ ಮತ್ತು ಪ್ರಯೋಗ

ನಾನು ಮಾಡಿದ ಸಾರನ್ನು ಬಾಯಿಗಿಟ್ಟು ‘ವಿಚಿತ್ರ ಮಾರಾಯ್ರೆ’ ಅಂದರೆ ಉಪ್ಪಿಲ್ಲ ಅಂತ. ಸಂಬಳ ಸರಿಯಾದ ದಿನಕ್ಕೆ ಬಂದರೂ ಅದೇ ಮಾತು. ಎಳೆದು ‘ವಿಚಿ…ತ್ರ’ ಅಂದರೆ ಸಿಟ್ಟು. ಮಗಳ ಫೋಟೊ ಹಿಡಿದು ಮೆಲ್ಲಗೆ ಅಂದರೆ, ಆ ಹೊತ್ತಿಗೆ ನಾವು ಸುಮ್ಮನಿರಬೇಕು.

ಒಂದಿನ ನನಗೆ ತಲೆಕೆಟ್ಟು ಕೇಳಿಯೇಬಿಟ್ಟೆ, ‘ನಿಮ್ಮ ಹತ್ರ ಬೇರೆ ಮಾತೇ ಇಲ್ವಾ?’

ಅವರು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. ‘ನೀವೊಬ್ರು ವಿಚಿತ್ರ ಮಾರಾಯ್ರೆ!’

ಗಿಡುಗದ ಕುರ್ಚಿ

ಹೆಂಡತಿ, ಮಗಳನ್ನು ಕರೆಸಿಕೊಳ್ಳುವ ವೀಸಾಕ್ಕೆ ನಮ್ಮ ಅರಬ್ಬಿ ಮಾಲೀಕರ ಸಹಿ ಬೇಕಿತ್ತು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೋದರು. ಒಳಗೆ ಹೋದರೆ, ಬಂದವರು ಕೂರುವ ಕುರ್ಚಿಯ ಮೇಲೆ ಮಾಲೀಕರ ಬೇಟೆಗಿಡುಗ ಕೂತಿದೆ, ಕಣ್ಣಿಗೆ ಚರ್ಮದ ಟೊಪ್ಪಿ ಬೇರೆ! ಮಾಲೀಕರು ತಮ್ಮ ಹರಕು ಹಿಂದಿಯಲ್ಲಿ ನಮಗೆ ‘ಬೈಠೋ, ಬೈಠೋ’ ಅಂದರು. ಎಲ್ಲಿ ಕೂರುವುದು, ಅದನ್ನು ಎಬ್ಬಿಸಿಯಾ?

‘ವಿಚಿತ್ರ ಮಾರಾಯ್ರೆ!’ ನಮ್ಮ ಸ್ಟೋರ್‌ಕೀಪರ್ ಬಾಯಿ ಜಾರಿತು.

‘ಕ್ಯಾ ಬೋಲಾ?’ ಮಾಲೀಕರು ಗಿಡುಗದಿಂದ ಕಣ್ಣೆತ್ತಿದರು.

ಸಹಿ ಹೋಯಿತು, ಮಗಳೂ ಹೋದಳು ಅಂತ ನಮ್ಮವರ ಮುಖ ಬಿಳಿಚಿಕೊಂಡಿತು. ‘ಮುಂತಾಜ್ ಸಾರ್! ನಮ್ಮ ಭಾಷೆಯಲ್ಲಿ ಬಹುತ್ ಮುಂತಾಜ್!’ ಅಂದುಬಿಟ್ಟರು. ಅರಬ್ಬಿಯಲ್ಲಿ ಅತ್ಯುತ್ತಮ ಅಂತ. ಮಾಲೀಕರಿಗೆ ಖುಷಿಯೋ ಖುಷಿ. ಸಹಿ ಬಿತ್ತು.

ಮರುವಾರ ಮಾಲೀಕರು ಮಂಗಳೂರಿನ ಎಂಜಿನಿಯರ್ ತಂದ ಡ್ರಾಯಿಂಗ್ ನೋಡಿ, ಬೆನ್ನು ತಟ್ಟಿ ‘ವಿಚಿತ್ರ!’ ಅಂದರು. ಪಾಪ, ಆ ಮನುಷ್ಯ ಊಟ ಬಿಟ್ಟು ಕೂತು ಎಲ್ಲವನ್ನೂ ಹೊಸದಾಗಿ ಬರೆದು ತಂದರು.

ಶುಕ್ರವಾರದ ಫೋನ್

ಪ್ರತಿ ಶುಕ್ರವಾರ ಫೋನ್ ಕಾರ್ಡ್ ಉಜ್ಜಿ ಊರಿಗೆ ಕರೆ. ಹೆಂಡತಿ ರಿಸೀವರನ್ನು ಮಗಳ ಕಿವಿಗೆ ಹಿಡಿಯುತ್ತಿದ್ದರು. ಮಗು ಮಾತಾಡದು, ಬರೀ ಕೇಳುವುದು. ಇವರಿಗೋ, ಕಾಣದ ಮಗುವಿನ ಹತ್ತಿರ ಏನು ಮಾತಾಡುವುದು ಅಂತ ಗೊತ್ತಾಗದು. ‘ಅಲ್ಲಿ ಮಳೆಯಾ? ವಿಚಿತ್ರ ಮಾರಾಯ್ತಿ! ಊಟ ಆಯ್ತಾ? ವಿಚಿತ್ರ!’ ಅಷ್ಟರಲ್ಲಿ ಲೈನ್ ಕಟ್. ಆಗ ಮಗು ಅಮ್ಮನ ಮುಖ ನೋಡುತ್ತಿತ್ತಂತೆ. ‘ಕಾರ್ಡ್ ಖಾಲಿ ಪುಟ್ಟಿ’ ಅಂತ ಅಮ್ಮ ಸಮಾಧಾನ ಮಾಡುತ್ತಿದ್ದರಂತೆ.

ಟಿಕೆಟ್ ಆದ ಮೇಲೆ ನಮ್ಮವರಿಗೆ ಒಂದೇ ಹೆದರಿಕೆ, ಮಗಳು ತನ್ನ ಹತ್ತಿರ ಬರ್ತಾಳಾ? ಮೇಲಿನ ಮಹಡಿಯ ಆಂಟಿ ಅಬು ಹಮೂರು ಬಡಾವಣೆಯ ಚರ್ಚಿನಿಂದ ಬರುವಾಗ ಸಿಕ್ಕಿದರು. ಇವರು ಅವರನ್ನೂ ಬಿಡಲಿಲ್ಲ.

‘ಹೆದರಬೇಡಿ’ ಅಂತ ಆಂಟಿ ಧೈರ್ಯ ತುಂಬಿದರು. ‘ನಮ್ಮ ಮಗ ಸಹ ಮೊದಲು ಹಾಗೇ. ಅಪ್ಪನನ್ನು ತೋರಿಸಿ, ಈ ಅಂಕಲ್ ಅವರ ಮನೆಗೆ ಯಾವಾಗ ಹೋಗ್ತಾರೆ ಅಂತ ಒಂದು ವಾರ ಕೇಳಿದ, ಅಷ್ಟೇ.’

ಹೆರೆಮಣೆ

ವಿಮಾನ ನಿಲ್ದಾಣದಲ್ಲಿ ನಮ್ಮವರು ಗೊಂಬೆ ಹಿಡಿದು, ನಗು ಅಭ್ಯಾಸ ಮಾಡುತ್ತ ನಿಂತರು. ಎಲ್ಲರೂ ಬಂದರೂ ಇವರ ಸಂಸಾರದ ಪತ್ತೆಯಿಲ್ಲ. ಕೊನೆಗೆ ಬಂದರು. ಮಗು ಅಪ್ಪನನ್ನು ನೋಡಿದ್ದೇ ತಡ, ಇಡೀ ನಿಲ್ದಾಣ ತಿರುಗಿ ನೋಡುವಷ್ಟು ಅಳು! ಗೊಂಬೆ ಕೊಟ್ಟರೆ ಒಗೆಯಿತು, ಚಾಕಲೇಟ್ ಕೊಟ್ಟರೆ ಅಮ್ಮನ ಸೆರಗಿನೊಳಗೆ ಹೊಕ್ಕಿತು. ನಮ್ಮವರ ಮುಖ ನೋಡಲಾಗಲಿಲ್ಲ.

‘ಇಷ್ಟು ಹೊತ್ತು ಎಂತ ಮಾಡ್ತಿದ್ರಿ?’ ಅಂತ ಮಾತು ಬದಲಿಸಿದೆ.

ಹೆಂಡತಿ ಟ್ರಾಲಿಯ ಕಡೆ ಕೈ ತೋರಿಸಿದರು. ಪೆಟ್ಟಿಗೆಗಳ ಮೇಲೆ ಕಾಯಿ ತುರಿಯುವ ಒಂದು ಹೆರೆಮಣೆ! ಎಂಥ ಆಯುಧ ಇದು ಅಂತ ಕಸ್ಟಮ್ಸಿನವರು ಹಿಡಿದುಕೊಂಡಿದ್ದರಂತೆ. ಆಕೆ ಅಲ್ಲೇ ನೆಲದಲ್ಲಿ ಅದರ ಮೇಲೆ ಕೂತು, ಇಲ್ಲದ ತೆಂಗಿನಕಾಯಿ ಹೆರೆದು ತೋರಿಸಿದ ಮೇಲೆ ಬಿಟ್ಟರಂತೆ.

‘ದೋಹಾಕ್ಕೆ ಹೆರೆಮಣೆಯಾ? ವಿಚಿತ್ರ ಮಾರಾಯ್ತಿ!’ ಅಂದರು ನಮ್ಮವರು.

ಅಳು ಗಕ್ಕನೆ ನಿಂತಿತು. ಮಗು ಸೆರಗಿನಿಂದ ತಲೆ ಹೊರಗೆ ಹಾಕಿ ಅಪ್ಪನ ಬಾಯಿಯನ್ನೇ ನೋಡತೊಡಗಿತು.

‘ಇನ್ನೊಮ್ಮೆ ಹೇಳಿ’ ಅಂದರು ಹೆಂಡತಿ ಪಿಸುದನಿಯಲ್ಲಿ.

‘ವಿಚಿತ್ರ ಮಾರಾಯ್ತಿ…’

‘ಫೋನು!’ ಅಂತ ಕಿರುಚಿ ಮಗು ಎರಡೂ ಕೈ ಚಾಚಿತು. ಎತ್ತಿಕೊಂಡರೆ, ತನ್ನ ಕಿವಿಯನ್ನು ತಂದು ಅಪ್ಪನ ಬಾಯಿಗೆ ಒತ್ತಿ ಹಿಡಿಯಿತು, ಥೇಟ್ ಶುಕ್ರವಾರದ ಹಾಗೆ.

‘ಮಾತಾಡಿ ಮಾರಾಯ್ರೆ, ಮಗು ಕಾಯ್ತಿದೆ’ ಅಂದೆ ನಾನು. ಎಲ್ಲಿಯ ಮಾತು! ಅವರ ಕಣ್ಣಲ್ಲಿ ನೀರು ಸುರಿದು, ಆ ಒಂದು ಪದವೂ ಹೊರಡಲಿಲ್ಲ.

ಮಗು ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಕಿವಿ ತೆಗೆದು, ಅಮ್ಮನ ಕಡೆ ತಿರುಗಿ ಸಮಾಧಾನ ಹೇಳಿತು: ‘ಅಮ್ಮ, ಕಾರ್ಡ್ ಖಾಲಿ.’